ಮೂರನೇ ಸಿಲಿಂಡರಿನ ಜ್ವರ

ಸುಂಟಿಕೊಪ್ಪ ದಾಟಿ ಮಡಿಕೇರಿ ಕಡೆ ಏರು ಶುರುವಾಗುತ್ತಲ್ಲ, ಅಲ್ಲಿ ನನ್ನ ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಕೈಕೊಟ್ಟಿತು. ಪೂರ್ತಿ ನಿಂತುಬಿಡಲಿಲ್ಲ. ಮೂರನೇ ಗೇರಿನಲ್ಲಿ ಚೆನ್ನಾಗಿಯೇ ಎಳೆಯುತ್ತಿದ್ದ ಗಾಡಿ ಇದ್ದಕ್ಕಿದ್ದ ಹಾಗೆ ಏದುಸಿರು ಬಿಡತೊಡಗಿತು. ಎರಡಕ್ಕೆ ಇಳಿಸಿದೆ. ಆಗ ಮಿಸ್ಸಿಂಗ್ ಹೊಡೆಯಲು, ಅಂದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯದೆ ಎಂಜಿನ್ ತಡವರಿಸಲು, ಶುರುವಾಯಿತು. ರಸ್ತೆ ಪಕ್ಕಕ್ಕೆ ತಗೊಂಡು ಆಕ್ಸಿಲರೇಟರ್ ಬಿಟ್ಟರೆ, ಸ್ಲೋ ಸ್ಪೀಡಿನಲ್ಲಿ ಇಡೀ ಕಾರು ಕುಲುಕಾಡುತ್ತಿದೆ. ಸ್ಪೀಡೋಮೀಟರಿನೊಳಗೆ ಹಸಿರು ದೀಪ ಮಿಣಮಿಣ ಅನ್ನುತ್ತಿದೆ. ಹಿಂದಿನಿಂದ ಕಾದ ಎಣ್ಣೆಯ ವಾಸನೆ.

ಹಸಿರು ದೀಪ ಅಂದರೆ ಎಲ್ಲ ಸರಿ ಇದೆ ಅಂತಲ್ಲ. ಆ ಕಾಲದ ಬೀಟಲ್‌ನಲ್ಲಿ ಹಸಿರು ಆಯಿಲ್ ಪ್ರೆಷರ್‌ದು, ಕೆಂಪು ಡೈನಮೋದು. ಎರಡೂ ಬೈಗುಳವೇ. ಕೆಂಪು ಹತ್ತಿದರೆ ಫ್ಯಾನ್ ಬೆಲ್ಟ್ ಹೋಗಿರಬಹುದು. ಬೆಲ್ಟ್ ಹೋದರೆ ಫ್ಯಾನೂ ನಿಂತ ಹಾಗೆ. ಆಗ ಒಂದು ಫರ್ಲಾಂಗೂ ಓಡಿಸಬಾರದು. ನನಗೆ ಕೆಂಪು ಬಂದಿರಲಿಲ್ಲ. ಬೆಲ್ಟ್ ಒತ್ತಿ ನೋಡಿದೆ, ಬೆರಳಿಗೆ ಒಂದೂವರೆ ಸೆಂಟಿಮೀಟರ್ ಬಗ್ಗಿತು. ಅಷ್ಟೇ ಇರಬೇಕು.

ಯಾರೋ ಜೀಪು ನಿಲ್ಲಿಸಿ ಎರಡು ಬಾಟಲಿ ನೀರು ತಂದರು. "ಹೀಟ್ ಆಗಿದೆ ಸಾರ್, ಹಾಕಿ," ಅಂದರು. ಇದು ಗಾಳಿಯಿಂದಲೇ ತಣ್ಣಗಾಗುವ ಎಂಜಿನ್, ನೀರು ಹಾಕಲು ಜಾಗವೇ ಇಲ್ಲ ಅಂತ ವಿವರಿಸುವಷ್ಟು ತಾಳ್ಮೆ ನನಗಿರಲಿಲ್ಲ. ಥ್ಯಾಂಕ್ಸ್ ಹೇಳಿ ಆ ನೀರನ್ನು ನಾವೇ ಕುಡಿದೆವು. ಮುಕ್ಕಾಲು ಗಂಟೆ ಆರಲು ಬಿಟ್ಟು, ವಾಪಸ್ ಇಳಿಜಾರಿನಲ್ಲಿ ಮೈಸೂರಿಗೆ ತಂದೆ. ಇದು 2025ರ ಮಾರ್ಚಿನ ಮಾತು.

ನನ್ನದು 1966ರ ಮಾಡೆಲ್, 1300. ನಾಲ್ಕು ಸಿಲಿಂಡರ್, 1285 ಸಿಸಿ, 40 ಕುದುರೆ ಬಲ, 6 ವೋಲ್ಟ್. ನಾನು ವೃತ್ತಿಯಲ್ಲಿ ಮೆಕ್ಯಾನಿಕ್ ಅಲ್ಲ, ಕಾಲೇಜಿನಲ್ಲಿ ಲೆಕ್ಕಪತ್ರ ಕಲಿಸುವವನು. ಆದರೆ ಈ ಗಾಡಿಯ ಆಯಿಲ್, ಟ್ಯಾಪೆಟ್, ಪಾಯಿಂಟ್ ಎಲ್ಲ ಆರು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಹಾಗಾಗಿ ಒಂದು ಅಹಂಕಾರವೂ ಇತ್ತು. ಅದು ಎಷ್ಟು ದುಬಾರಿ ಬಿತ್ತು ಅಂತ ಮುಂದೆ ಹೇಳ್ತೀನಿ.

ಮೊದಲು ಈ ಎಂಜಿನ್ ತಣ್ಣಗಾಗುವ ಬಗೆ ಹೇಳಿಬಿಡ್ತೀನಿ, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ಹಿಂದಿನ ಗಾಜಿನ ಕೆಳಗೆ ಸೀಳುಗಳಿವೆಯಲ್ಲ, ಅಲ್ಲಿಂದ ಗಾಳಿ ಎಂಜಿನ್ ಕೋಣೆಗೆ ಬರುತ್ತದೆ. ಡೈನಮೋದ ಇನ್ನೊಂದು ತುದಿಗೆ ಕೂರಿಸಿದ ಫ್ಯಾನ್ ಆ ಗಾಳಿಯನ್ನು ಎಳೆದು, ಕಮಾನಿನ ಆಕಾರದ ದೊಡ್ಡ ತಗಡಿನ ಗೂಡಿನೊಳಗೆ ನೂಕುತ್ತದೆ. ಗೂಡು ಗಾಳಿಯನ್ನು ಎರಡು ಪಾಲು ಮಾಡಿ ಎಡ, ಬಲ ಸಿಲಿಂಡರ್‌ಗಳ ರೆಕ್ಕೆಗಳ ಮೇಲೆ ಹರಿಸುತ್ತದೆ. ಬಿಸಿಯಾದ ಗಾಳಿ ಕೆಳಗಿಂದ ರಸ್ತೆಗೆ ಹೋಗುತ್ತದೆ. ಮೇಲೆ ತಣ್ಣನೆಯ ಲೋಕ, ಕೆಳಗೆ ಬಿಸಿ ಲೋಕ. ಎರಡರ ನಡುವೆ ಗೋಡೆ ಅಂದರೆ ಎಂಜಿನ್ ಸುತ್ತ ಇರುವ ತಗಡುಗಳು ಮತ್ತು ಅಂಚಿನ ರಬ್ಬರ್ ಬೀಡಿಂಗ್. ಈ ಗೋಡೆಯಲ್ಲಿ ತೂತು ಬಿದ್ದರೆ ಕೆಳಗಿನ ಬಿಸಿ ಗಾಳಿಯೇ ಮತ್ತೆ ಮೇಲೆ ಬಂದು ಫ್ಯಾನಿಗೆ ಸಿಗುತ್ತದೆ. ಬಿಸಿನೀರಿನಲ್ಲಿ ಬಿಸಿ ಹಾಲಿನ ಪಾತ್ರೆ ಇಟ್ಟು ಆರಿಸಿದ ಹಾಗೆ.

ಇದರ ಜೊತೆಗೆ ಎಣ್ಣೆ. ಬರೀ ಎರಡೂವರೆ ಲೀಟರ್. ನೀರಿಲ್ಲದ ಎಂಜಿನ್ನಿನಲ್ಲಿ ನೀರಿನ ಅರ್ಧ ಕೆಲಸ ಎಣ್ಣೆಯೇ ಮಾಡಬೇಕು. ಎಣ್ಣೆ ಆರಿಸುವ ಕೂಲರ್ ನನ್ನ ಮಾಡೆಲ್‌ನಲ್ಲಿ ಆ ಗೂಡಿನ ಒಳಗೇ, ಎಡಗಡೆ, ನೆಟ್ಟಗೆ ನಿಂತಿದೆ. ಸರಿಯಾಗಿ ಮೂರನೇ ಸಿಲಿಂಡರಿನ ಗಾಳಿಯ ದಾರಿಗೆ ಅಡ್ಡ. ಗಾಡಿಯ ಹಿಂದೆ ನಿಂತು ನೋಡಿದರೆ ಬಲಗಡೆ ಆಚೆ ಒಂದು, ಈಚೆ ಎರಡು. ಎಡಗಡೆ ಆಚೆ ಮೂರು, ಈಚೆ ನಾಲ್ಕು. ಮೂರನೆಯವನಿಗೆ ಯಾವಾಗಲೂ ಕೂಲರ್ ಉಂಡು ಬಿಟ್ಟ ಗಾಳಿ. ಕಂಪನಿಗೂ ಇದು ಗೊತ್ತಿತ್ತು. ಆಗಿನ ಕೆಲವು ಡೆಲ್ಕೋಗಳಲ್ಲಿ (ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ಗಳಲ್ಲಿ) ಮೂರನೆಯದರ ಕಿಡಿಯನ್ನು ಮಾತ್ರ ಬೇಕೆಂದೇ ಸ್ವಲ್ಪ ತಡ ಮಾಡಿದ್ದರು. 1971ರ ಮಾಡೆಲ್‌ನಿಂದ ಕೂಲರನ್ನು ಗೂಡಿನಾಚೆ ಅದರದೇ ಸಣ್ಣ ಮನೆಗೆ ಸಾಗಿಸಿದರು. ನನ್ನ ಗಾಡಿಗೆ ಆ ಭಾಗ್ಯ ಇಲ್ಲ.

ಈಗ ನನ್ನ ಮೂರ್ಖತನದ ಕಥೆ. ಮಡಿಕೇರಿಯಿಂದ ಬಂದ ಮೇಲೆ ನನ್ನ ತಲೆಯಲ್ಲಿ ಎರಡು ರೋಗ ಇದ್ದವು. ಒಂದು, ಹೀಟ್. ಇನ್ನೊಂದು, ಮಿಸ್ಸಿಂಗ್. ಮಿಸ್ಸಿಂಗ್ ಅಂದರೆ ಕಿಡಿ ಅಥವಾ ಪೆಟ್ರೋಲ್ ಅಂತ ಯಾರಾದರೂ ಹೇಳ್ತಾರೆ, ಅಲ್ವಾ? ಹೊಸ ಕಾಯಿಲ್ ಹಾಕಿದೆ. ಕಂಡೆನ್ಸರ್ ಹಾಕಿದೆ. ತಣ್ಣಗಿದ್ದಾಗ ಸರಿ ಇದ್ದು ಬಿಸಿಯಾದ ಮೇಲೆ ಕೈಕೊಡುವುದು ಕಂಡೆನ್ಸರಿನ ಹಳೇ ಚಾಳಿ, ಹಾಗಾಗಿ ಅದೇ ಇರಬೇಕು ಅಂತ ಖಾತ್ರಿಯಾಗಿ ನಂಬಿದ್ದೆ. ಕಾರ್ಬರೇಟರ್ ಬಿಚ್ಚಿ ಕಿಟ್ ಹಾಕಿದೆ. ಇನ್‌ಟೇಕ್ ಪೈಪಿನ ಪ್ಯಾಕಿಂಗ್‌ನಲ್ಲಿ ಗಾಳಿ ಎಳೆಯುತ್ತಿದೆಯೋ ಅಂತ ಸ್ಲೋ ಸ್ಪೀಡಿನಲ್ಲಿಟ್ಟು ಕಾರ್ಬರೇಟರ್ ಕ್ಲೀನರ್ ಸ್ಪ್ರೇ ಹೊಡೆದು ನೋಡಿದೆ. ಸೋರುತ್ತಿದ್ದರೆ ಎಂಜಿನ್ ಸದ್ದು ಬದಲಾಗಬೇಕು. ಆಗಲಿಲ್ಲ. ಒಬ್ಬರು ವೇಪರ್ ಲಾಕ್ (ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಹರಿವು ನಿಲ್ಲುವುದು) ಅಂದರು, ಪೆಟ್ರೋಲ್ ಪೈಪಿಗೆ ಬಟ್ಟೆ ಒಣಗಿಸುವ ಮರದ ಕ್ಲಿಪ್ ಹಾಕಿ ಅಂದರು. ಅದನ್ನೂ ಹಾಕಿದೆ. ಒಂಬತ್ತು ಸಾವಿರ ಚಿಲ್ಲರೆ ಖರ್ಚಾಯಿತು. ಅಗ್ಗದ್ದು ಅಂದರೆ ಆ ಕ್ಲಿಪ್ ಒಂದೇ.

ಇನ್ನೊಬ್ಬರು ದಪ್ಪ ಎಣ್ಣೆ ಹಾಕಿ ಅಂದರು. ಅದನ್ನು ಮಾತ್ರ ಮಾಡಲಿಲ್ಲ, ಸದ್ಯ. ಈ ಎಂಜಿನ್ನಿನಲ್ಲಿ ಎಣ್ಣೆ ದಪ್ಪಗಿದ್ದು ಪ್ರೆಷರ್ ಜಾಸ್ತಿಯಾದರೆ ಕೆಳಗಿರುವ ರಿಲೀಫ್ ವಾಲ್ವ್ ತೆರೆದುಕೊಳ್ಳುತ್ತದೆ, ಎಣ್ಣೆ ಕೂಲರ್‌ಗೆ ಹೋಗದೆ ಅಡ್ಡದಾರಿ ಹಿಡಿಯುತ್ತದೆ. ಆ ವಾಲ್ವಿನ ಪ್ಲಂಜರ್ ತೆರೆದೇ ಅಂಟಿಕೊಂಡಿದ್ದರೂ ಎಂಜಿನ್ ಸುಡುತ್ತದೆ. ಕೆಳಗೆ ಎಡಗಡೆ ಒಂದು ದೊಡ್ಡ ಸ್ಕ್ರೂ ಬಿಚ್ಚಿದರೆ ಸಾಕು. ನನ್ನದು ಬಿಚ್ಚಿದ ತಕ್ಷಣ ಸ್ಪ್ರಿಂಗೂ ಪ್ಲಂಜರೂ ತಾವಾಗಿ ಅಂಗೈಗೆ ಜಾರಿದವು. ಅಂಟಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಸುಮ್ನೆ ಕೂತು ಯೋಚಿಸಿದೆ. ನಾನು ಲೆಕ್ಕದ ಮೇಷ್ಟ್ರು. ಮೂರು ವಾರದಲ್ಲಿ ಒಂದೇ ಒಂದು ಅಂಕಿ ಬರೆದಿಟ್ಟಿಲ್ಲ! ಎಷ್ಟು ಹೀಟ್ ಆಗ್ತಿದೆ ಅಂತ ಕೇಳಿದರೆ "ಜಾಸ್ತಿ" ಅನ್ನುವುದು ಬಿಟ್ಟು ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ತಗೊಂಡೆ, ಪಿಸ್ತೂಲಿನ ಥರದ್ದು. ಒಂದು ಎಚ್ಚರಿಕೆ: ಹೊಳೆಯುವ ಲೋಹದ ಮೇಲೆ ಅದು ಶುದ್ಧ ಸುಳ್ಳು ಹೇಳುತ್ತದೆ, ಕಡಿಮೆ ತೋರಿಸುತ್ತದೆ. ಹಾಗಾಗಿ ಎಣ್ಣೆ ಸಂಪಿನ ಕೆಳಗಿನ ಪ್ಲೇಟಿಗೆ ರೂಪಾಯಿ ಅಗಲ ಕಪ್ಪು ಬಣ್ಣ ಬಳಿದೆ. ಪರೀಕ್ಷೆಗೆ ಚಾಮುಂಡಿ ಬೆಟ್ಟ. ಬೆಳಿಗ್ಗೆ ಹತ್ತು ಗಂಟೆಗೆ ಮನೆಯಿಂದ ಹೊರಟು, ರಿಂಗ್ ರೋಡಿನಲ್ಲಿ ಇಪ್ಪತ್ತು ನಿಮಿಷ ಅರವತ್ತರ ಸ್ಪೀಡಿನಲ್ಲಿ ಓಡಿಸಿ, ನೇರ ಬೆಟ್ಟ ಹತ್ತಿ, ಮೇಲೆ ನಿಲ್ಲಿಸಿದ ಕೂಡಲೇ ಕೆಳಗೆ ಬಗ್ಗಿ ಅಳೆಯುವುದು. ಪ್ರತಿ ಸಲ ಅದೇ ದಾರಿ, ಅದೇ ಗೇರು. ದೇವಸ್ಥಾನಕ್ಕೆ ಬಂದವರು, ಈತ ಇಳಿದ ತಕ್ಷಣ ಕಾರಿಗೇ ಅಡ್ಡಬೀಳ್ತಾನಲ್ಲ ಅಂತ ನೋಡುತ್ತಿದ್ದರು.

ಮೊದಲ ದಿನದ ಅಂಕಿ 128 ಡಿಗ್ರಿ. ಈ ಎಂಜಿನ್ನಿಗೆ ಎಣ್ಣೆ ನೂರರ ಆಸುಪಾಸಿನಲ್ಲಿದ್ದರೆ ನೆಮ್ಮದಿ, 120 ದಾಟಿದರೆ ನಾನು ಗಾಡಿ ನಿಲ್ಲಿಸ್ತೀನಿ. ಅಂದರೆ ದೀಪ ಮಿಣುಕಿದ್ದು ಸುಮ್ನೆ ಅಲ್ಲ. ಎಣ್ಣೆ ನೀರಾಗಿಬಿಟ್ಟಿತ್ತು.

ಆಮೇಲೆ ಮಿಸ್ಸಿಂಗ್. ಎಂಜಿನ್ ಬಿಸಿಯಿದ್ದಾಗಲೇ ಸ್ಲೋ ಸ್ಪೀಡಿನಲ್ಲಿಟ್ಟು, ರಬ್ಬರ್ ಹಿಡಿಯ ಇಕ್ಕಳದಿಂದ ಒಂದೊಂದೇ ಪ್ಲಗ್ ಕ್ಯಾಪ್ ಎಳೆದೆ. ಒಂದನ್ನು ಎಳೆದರೆ ಎಂಜಿನ್ ಮುಗ್ಗರಿಸಿತು. ಎರಡು, ನಾಲ್ಕು ಎಳೆದಾಗಲೂ ಹಾಗೇ. ಮೂರು ಎಳೆದರೆ ಏನೂ ವ್ಯತ್ಯಾಸ ಇಲ್ಲ. ಕೆಲಸಕ್ಕೆ ಬಾರದವನು ರಜೆ ಹಾಕಿದರೆ ಆಫೀಸಿಗೆ ಗೊತ್ತೇ ಆಗಲ್ಲ ನೋಡಿ, ಹಾಗೆ. ಪ್ಲಗ್ ಬಿಚ್ಚಿ ನೋಡಿದೆ. ಉಳಿದ ಮೂರರದ್ದು ಕಾಫಿ ಬಣ್ಣ, ಇದರದ್ದು ಸುಣ್ಣದ ಬಿಳಿ.

ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದೆ. ಬಿಸಿ ಎಂಜಿನ್, ನಾಲ್ಕೂ ಪ್ಲಗ್ ಹೊರಗೆ, ಆಕ್ಸಿಲರೇಟರ್ ಪೂರ್ತಿ ಒತ್ತಿ. ಒಂದರಿಂದ ನಾಲ್ಕರವರೆಗೆ ಕ್ರಮವಾಗಿ 112, 115, 68, 110. ಮೂರಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದೆ. 71. ಎಣ್ಣೆ ಬಿಟ್ಟರೂ ಏರಲಿಲ್ಲ ಅಂದರೆ ಸೋರುತ್ತಿರುವುದು ಪಿಸ್ಟನ್ ರಿಂಗು ಅಲ್ಲ, ವಾಲ್ವ್.

ಮಾರನೇ ದಿನ, ಎಂಜಿನ್ ರಾತ್ರಿಯಿಡೀ ಆರಿದ ಮೇಲೆ, ಟ್ಯಾಪೆಟ್ ಕವರ್ ತೆಗೆದೆ. ಈ ಎಂಜಿನ್ನಿನ ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಣ್ಣ ಅಂತರ, ತಣ್ಣಗಿದ್ದಾಗ ಮಾತ್ರ ನೋಡಬೇಕು. ನಾನು ಇಡುವುದು 0.15 ಮಿ.ಮೀ. ಮೂರರ ಎಕ್ಸಾಸ್ಟ್ (ಹೊಗೆ ಹೊರಬಿಡುವ) ವಾಲ್ವ್‌ಗೆ, ಅಂತರ ಅಳೆಯುವ ಫೀಲರ್ ಗೇಜಿನ 0.15ರ ಎಲೆ ಹೋಗಲಿಲ್ಲ. 0.10 ಹೋಗಲಿಲ್ಲ. ಅತಿ ತೆಳು ಎಲೆ, 0.05, ಅದೂ ತುದಿ ಬಗ್ಗಿಸಿಕೊಂಡು ನಿಂತಿತು. ಅಂತರವೇ ಇಲ್ಲ. ವಾಲ್ವ್ ಪೂರ್ತಿ ಮುಚ್ಚಿಕೊಳ್ಳುತ್ತಲೇ ಇಲ್ಲ. ಮುಚ್ಚದ ವಾಲ್ವ್ ತನ್ನ ಬಿಸಿಯನ್ನು ಸೀಟಿಗೆ ದಾಟಿಸಲಾಗದೆ ಇನ್ನೂ ಕಾಯುತ್ತದೆ.

ಅಲ್ಲಿಗೆ ಮಿಸ್ಸಿಂಗಿನ ಕಾರಣ ಸಿಕ್ಕಿತು ಅಂತ ಖುಷಿಯಾಗಿ 0.15ಕ್ಕೆ ಸೆಟ್ ಮಾಡಿದೆ. ಗಾಡಿ ಹೂವಿನ ಹಾಗೆ ಓಡಿತು. ಮುನ್ನೂರು ಕಿಲೋಮೀಟರ್ ಆದ ಮೇಲೆ ಅನುಮಾನಕ್ಕೆ ಮತ್ತೆ ಬಿಚ್ಚಿ ನೋಡಿದರೆ, ಮೂರರ ಎಕ್ಸಾಸ್ಟ್ ಮತ್ತೆ ಬಿಗಿ.

ನಮ್ಮ ಬಡಾವಣೆಯಲ್ಲಿ ಒಬ್ಬ ಹಿರಿಯ ಮೇಸ್ತ್ರಿಗಳಿದ್ದಾರೆ. ಎಪ್ಪತ್ತೈದು ದಾಟಿದೆ, ಈಗ ಸ್ಪ್ಯಾನರ್ ಹಿಡಿಯಲ್ಲ. ಅವರ ಹತ್ತಿರ ಹೋಗಿ ಹೇಳಿದೆ.

"ಎಷ್ಟು ಸಲ ಸೆಟ್ ಮಾಡ್ದೆ?"

"ಒಂದೇ ಸಲ. ಮುನ್ನೂರು ಕಿಲೋಮೀಟರ್‌ಗೆ ಮತ್ತೆ ಬಿಗಿ ಆಗಿದೆ ಮೇಸ್ತ್ರಿ."

"ಟ್ಯಾಪೆಟ್ ತಾನಾಗೇ ಬಿಗಿ ಆಗಲ್ಲ ಕಣಪ್ಪ. ವಾಲ್ವ್ ಉದ್ದ ಆಗ್ತಿದೆ. ಇನ್ನೊಂದ್ ಸಾವಿರ ಕಿಲೋಮೀಟರ್ ಓಡ್ಸು, ತಲೆ ಉದುರಿ ಪಿಸ್ಟನ್ ಮೇಲೆ ಬೀಳುತ್ತೆ. ಆಮೇಲೆ ನನ್ ಹತ್ರ ಬರ್ಬೇಡ." ಸ್ವಲ್ಪ ತಡೆದು ಕೇಳಿದರು: "ಅದು ಯಾಕೆ ಉದ್ದ ಆಯ್ತು? ಅದನ್ನ ನೋಡ್ದ್ಯಾ?"

ನೋಡಿರಲಿಲ್ಲ. ಎರಡು ರೋಗ ಅಂದುಕೊಂಡಿದ್ದೆನಲ್ಲ, ಅಲ್ಲೇ ತಪ್ಪಿದ್ದು. ಹೀಟ್ ಮೊದಲು ಬಂದಿದೆ. ಮಿಸ್ಸಿಂಗ್ ಅದರ ಮಗ.

ಎಂಜಿನ್ ಇಳಿಸುವುದು ಹೇಗೂ ಖಾಯಂ ಆಯಿತು, ಯಾಕೆಂದರೆ ಬೀಟಲ್‌ನಲ್ಲಿ ವಾಲ್ವ್‌ಗಳು ಕೂತಿರುವ ಹೆಡ್ ತೆಗೆಯಬೇಕಾದರೆ ಎಂಜಿನ್ ಕೆಳಗೆ ಬರಲೇಬೇಕು. ಆದರೆ ಅದು ಗಾಡಿಯಲ್ಲಿರುವಾಗಲೇ ಟೈಮಿಂಗ್, ಅಂದರೆ ಕಿಡಿ ಯಾವ ಕ್ಷಣಕ್ಕೆ ಬೀಳುತ್ತೆ ಅಂತ, ನೋಡಿಬಿಡೋಣ ಅಂದುಕೊಂಡೆ. ಎಂಜಿನ್ ಚಾಲೂ ಮಾಡದೆ ನೋಡುವ ಸ್ಟ್ಯಾಟಿಕ್ ಟೈಮಿಂಗ್‌ಗೆ ಲೈಟು ಗನ್ನು ಏನೂ ಬೇಡ. 6 ವೋಲ್ಟಿನ ಹಳೇ ಸ್ಕೂಟರ್ ಬಲ್ಬಿಗೆ ಎರಡು ವೈರ್. ಒಂದನ್ನು ಕಾಯಿಲಿನಿಂದ ಡೆಲ್ಕೋಗೆ ಹೋಗುವ ಟರ್ಮಿನಲ್‌ಗೆ, ಇನ್ನೊಂದನ್ನು ಬಾಡಿಗೆ. ಸ್ವಿಚ್ ಆನ್ ಮಾಡಿ, ಡೈನಮೋ ನಟ್ಟಿಗೆ 21ರ ಸ್ಪ್ಯಾನರ್ ಹಾಕಿ ನಿಧಾನವಾಗಿ ತಿರುಗಿಸುವುದು. ಡೆಲ್ಕೋ ಒಳಗೆ ಕಿಡಿ ಹುಟ್ಟಿಸುವ ಸಿಬಿ ಪಾಯಿಂಟ್ ಬಿಟ್ಟುಕೊಂಡ ಕ್ಷಣ ಬಲ್ಬ್ ಹತ್ತುತ್ತದೆ. ಆ ಕ್ಷಣದಲ್ಲಿ ಪುಲ್ಲಿಯ ಕಚ್ಚು, ಕ್ರ್ಯಾಂಕ್‌ಕೇಸಿನ ಎರಡು ಹೋಳು ಸೇರುವ ಗೆರೆಗೆ ಎದುರಾಗಿರಬೇಕು. ನನ್ನ ಗಾಡಿಯಲ್ಲಿ ಎರಡೂ ಕರೆಕ್ಟಾಗಿ ಎದುರಾಗಿದ್ದವು. ಆರು ವರ್ಷದಿಂದ ನಾನೇ ಹಾಗೆ ಇಟ್ಟಿದ್ದು.

ಬಿಟ್ಟು ಎದ್ದೇಳಬೇಕು ಅನ್ನುವಾಗ ಒಂದು ಸಂಶಯ ಬಂತು. ನನ್ನ ಎಂಜಿನ್ನಿನ ಪುಸ್ತಕದ ಚಿತ್ರದಲ್ಲಿ ಪುಲ್ಲಿಗೆ ಎರಡು ಕಚ್ಚು ಇವೆ, 7.5 ಡಿಗ್ರಿಗೊಂದು, 10 ಡಿಗ್ರಿಗೊಂದು. ನನ್ನ ಪುಲ್ಲಿಗೆ ಇರುವುದು ಒಂದೇ.

ಟಾಪ್, ಅಂದರೆ ಪಿಸ್ಟನ್ ಪೂರ್ತಿ ತುದಿಗೆ ಬರುವ ಜಾಗ, ಎಲ್ಲಿದೆ ಅಂತ ಪುಲ್ಲಿಯನ್ನು ನಂಬದೆ ಪಿಸ್ಟನನ್ನೇ ಕೇಳೋಣ ಅಂತ ಲೇತ್ ಅಂಗಡಿಗೆ ಹೋದೆ. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಒಳಗೆ ಮರೆ ಹಾಕಿಸಿ, ತುದಿ ಉರುಟಾದ ಒಂದು ಬೋಲ್ಟ್ ಕೂರಿಸಿಕೊಂಡು ಬಂದೆ. ಎಲ್ಲ ಪ್ಲಗ್ ತೆಗೆದು ಒಂದನೇ ಸಿಲಿಂಡರ್‌ಗೆ ಇದನ್ನು ಹಾಕಿ, ಕೈಯಿಂದ ಮೆಲ್ಲಗೆ ತಿರುಗಿಸಿದರೆ ಪಿಸ್ಟನ್ ಬಂದು ಬೋಲ್ಟಿಗೆ ತಾಗಿ ನಿಲ್ಲುತ್ತದೆ. ಟಕ್. ಅಲ್ಲಿ ಗೆರೆಗೆ ಎದುರಾಗಿ ಪುಲ್ಲಿಯ ಮೇಲೆ ಸೀಮೆಸುಣ್ಣದ ಗುರುತು. ಆಮೇಲೆ ಹಿಂದಕ್ಕೆ ತಿರುಗಿಸುತ್ತಾ ಬಂದರೆ ಇನ್ನೊಂದು ಕಡೆಯಿಂದ ತಾಗುತ್ತದೆ. ಅಲ್ಲೊಂದು ಗುರುತು. ಎರಡು ಗುರುತಿನ ನಟ್ಟನಡುವೆ ಟಾಪ್. ಜೋರು ಮಾಡಬಾರದು, ಪಿಸ್ಟನ್ ಅಲ್ಯೂಮಿನಿಯಂ.

ಪುಲ್ಲಿಯ ಸುತ್ತಳತೆ ಟೈಲರ್ ಟೇಪಿನಲ್ಲಿ 54 ಸೆಂಟಿಮೀಟರ್ ಬಂತು. 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ ಒಂದೂವರೆ ಮಿ.ಮೀ. ಅಂದರೆ 7.5 ಡಿಗ್ರಿಯ ಕಚ್ಚು ಟಾಪ್‌ಗಿಂತ ಸುಮಾರು 11 ಮಿ.ಮೀ. ಮುಂಚೆ ಬರಬೇಕು. ನನ್ನ ಕಚ್ಚು ಟಾಪ್ ಆದ ಮೇಲೆ ಏಳೂವರೆ ಮಿ.ಮೀ.ಗೆ ಇತ್ತು. ಮುಂಚೆ ಅಲ್ಲ, ಆಮೇಲೆ! ಐದು ಡಿಗ್ರಿ ಆಮೇಲೆ.

ಆಮೇಲೆ ಗೊತ್ತಾಯಿತು. ಎಪ್ಪತ್ತರ ದಶಕದ ಶುರುವಿನ ಕೆಲವು ಬೀಟಲ್‌ಗಳಲ್ಲಿ ಬೇರೆ ಥರದ ಡೆಲ್ಕೋ ಇತ್ತು, ಅವಕ್ಕೆ ಟೈಮಿಂಗ್ ಟಾಪ್ ಆದ ಐದು ಡಿಗ್ರಿಗೆ. ಯಾರೋ ಯಾವಾಗಲೋ ಆ ಪುಲ್ಲಿ ತಂದು ನನ್ನ ಎಂಜಿನ್ನಿಗೆ ಹಾಕಿದ್ದಾರೆ. ಅಳತೆ ಒಂದೇ, ಚೆನ್ನಾಗಿ ಕೂರುತ್ತದೆ. ಕಚ್ಚಿನ ಅರ್ಥ ಮಾತ್ರ ಬೇರೆ. ನನ್ನ ಎಂಜಿನ್ ಆರು ವರ್ಷ ಹನ್ನೆರಡೂವರೆ ಡಿಗ್ರಿ ತಡವಾಗಿ ಕಿಡಿ ಹೊಡೆಯುತ್ತಿತ್ತು. ಕಿಡಿ ತಡವಾದರೆ ಎಕ್ಸಾಸ್ಟ್ ವಾಲ್ವ್ ತೆರೆಯುವ ಹೊತ್ತಿಗೂ ಬೆಂಕಿ ಉರಿಯುತ್ತಲೇ ಇರುತ್ತದೆ. ಆ ಬೆಂಕಿ ಚಕ್ರ ತಿರುಗಿಸುವ ಬದಲು ವಾಲ್ವ್ ಮತ್ತು ಹೆಡ್ ಸುಡುತ್ತದೆ. ಪಿಕಪ್ ಕಡಿಮೆ ಇದ್ದದ್ದನ್ನು ನಾನು "ಹಳೇ ಗಾಡಿ, ಇಷ್ಟೇ ಇರುತ್ತೆ" ಅಂದುಕೊಂಡಿದ್ದೆ.

ಸರಿಯಾದ ಜಾಗದಲ್ಲಿ ಗರಗಸದ ಬ್ಲೇಡಿನಿಂದ ಹೊಸ ಕಚ್ಚು ಹಾಕಿ, ಹಳೆಯದಕ್ಕೆ ಎಂ-ಸೀಲ್ ತುಂಬಿದೆ. ಡೆಲ್ಕೋದ ವ್ಯಾಕ್ಯೂಮ್ ಡಬ್ಬಿಯನ್ನೂ ನೋಡಿದೆ. ಪೈಪ್ ಬಾಯಲ್ಲಿಟ್ಟು ಹೀರಿ, ನಾಲಿಗೆ ಅಡ್ಡ ಹಿಡಿದರೆ ಒಳಗಿನ ಪ್ಲೇಟ್ ಸರಿದು ಅಲ್ಲೇ ನಿಲ್ಲಬೇಕು. ನಿಂತಿತು. ಟ್ಯಾಪೆಟ್ ಮತ್ತೊಮ್ಮೆ ಸೆಟ್ ಮಾಡಿ, ಒಂದೇ ಒಂದು ಸಲ ಚಾಮುಂಡಿ ಬೆಟ್ಟ ಹತ್ತಿಸಿದೆ. 117. ಹನ್ನೊಂದು ಡಿಗ್ರಿ ಇಳಿದಿತ್ತು. ಇನ್ನೂ ಸಾಲದು.

ಗಾಳಿ ಎಲ್ಲಿ ಸೋರುತ್ತಿದೆ ಅಂತ ನೋಡಲು ಊದುಬತ್ತಿ ಹಚ್ಚಿಕೊಂಡು ಎಂಜಿನ್ ಹತ್ತಿರ ಹೊರಟಿದ್ದೆ. ಮೈಸೂರಿನವನಿಗೆ ಮೊದಲು ಹೊಳೆಯುವುದು ಅದೇ ತಾನೇ. "ರೀ, ಪೆಟ್ರೋಲ್ ಪೈಪ್ ಪಕ್ಕ ಊದುಬತ್ತಿನಾ? ಆಮೇಲೆ ನಿಮಗೇ ಹಚ್ಬೇಕಾಗುತ್ತೆ," ಅಂತ ಹೆಂಡತಿ ಕಿತ್ತುಕೊಂಡಳು. ಸರಿಯಾಗೇ ಹೇಳಿದಳು. ಕಡ್ಡಿಯ ತುದಿಗೆ ಟಿಶ್ಯೂ ಪೇಪರಿನ ಸಣ್ಣ ಪಟ್ಟಿ ಕಟ್ಟಿ, ಎಂಜಿನ್ ಚಾಲೂ ಮಾಡಿ ಅಂಚುಗಳ ಉದ್ದಕ್ಕೂ ಆಡಿಸಿದೆ. ಬೆಲ್ಟು, ಫ್ಯಾನಿನಿಂದ ಕೈ ದೂರ ಇಟ್ಟುಕೊಂಡೇ.

ಎಂಜಿನ್ ಸುತ್ತಿನ ಬೀಡಿಂಗ್ ಎಡಗಡೆ ಒಂದು ಗೇಣು ಇರಲೇ ಇಲ್ಲ. ಅಲ್ಲಿ ಪಟ್ಟಿ ಮೇಲಕ್ಕೆ ಹಾರುತ್ತಿತ್ತು, ಕೆಳಗಿನ ಬಿಸಿ ಗಾಳಿ ಮೇಲೆ ಬರುತ್ತಿದೆ ಅಂತ ಅರ್ಥ. ಪ್ಲಗ್ ವೈರುಗಳು ತಗಡು ದಾಟುವಲ್ಲಿ ಇರಬೇಕಾದ ರಬ್ಬರ್ ಬಿಲ್ಲೆ ಎರಡರಲ್ಲಿ ಇರಲಿಲ್ಲ. ದೊಡ್ಡ ಕಳ್ಳ ಮಾತ್ರ ಬೇರೆ ಕಡೆ ಇದ್ದ. ಫ್ಯಾನ್ ಗೂಡಿನ ಎರಡೂ ಬದಿಗೆ ಒಂದೊಂದು ದುಂಡನೆಯ ಬಾಯಿ ಇದೆ. ಅಲ್ಲಿಂದ ಪೈಪು ಹೀಟರ್ ಬಾಕ್ಸಿಗೆ ಹೋಗಬೇಕು, ಚಳಿಗಾಲದಲ್ಲಿ ಒಳಗೆ ಕೂತವರಿಗೆ ಬಿಸಿ ಗಾಳಿ ಕೊಡಲು. ಮೈಸೂರಿನಲ್ಲಿ ಯಾರಿಗೆ ಬೇಕು ಹೀಟರ್? ಹಿಂದಿನ ಮಾಲೀಕರು ಯಾರೋ ಹೀಟರ್ ಬಾಕ್ಸು, ಪೈಪು ಎಲ್ಲ ತೆಗೆಸಿದ್ದಾರೆ, ಆ ಎರಡು ಬಾಯಿ ಮುಚ್ಚಿಸಿಲ್ಲ. ಕಡ್ಡಿ ಹಿಡಿದರೆ ಪಟ್ಟಿ ಹರಿದು ಹಾರಿಹೋಯಿತು. ಸಿಲಿಂಡರ್‌ಗೆ ಹೋಗಬೇಕಾದ ಗಾಳಿ ಇಷ್ಟು ವರ್ಷ ಪುಕ್ಕಟೆ ಹೊರಗೆ ಹೋಗುತ್ತಿತ್ತು. ಇಲ್ಲಿನ ಬೀಟಲ್ ಇಟ್ಟುಕೊಂಡವರು ಮೊದಲು ನೋಡಬೇಕಾದ್ದು ಇದನ್ನೇ ಅಂತ ನಾನು ಹೇಳ್ತೀನಿ. ಖರ್ಚೂ ಇಲ್ಲ. ತಾತ್ಕಾಲಿಕವಾಗಿ ನಾನು ಮುಚ್ಚಿದ್ದು ಉಪ್ಪಿನಕಾಯಿ ಬಾಟಲಿಯ ತಗಡಿನ ಮುಚ್ಚಳದಿಂದ. ಒಂದಕ್ಕೆ ಮಾವಿನಕಾಯಿ, ಒಂದಕ್ಕೆ ನಿಂಬೆ.

ಮೇ ತಿಂಗಳಲ್ಲಿ ಎಂಜಿನ್ ಇಳಿಸಿದೆವು. ಹೇಳಿದಷ್ಟು ಕಷ್ಟ ಇಲ್ಲ. ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಪೈಪ್ ಕಟ್ಟಿ, ಆಕ್ಸಿಲರೇಟರ್ ಕೇಬಲ್, ನಾಲ್ಕು ವೈರ್, ಆಮೇಲೆ ಗೇರ್‌ಬಾಕ್ಸಿಗೆ ಹಿಡಿದಿರುವ ನಾಲ್ಕು 17ರ ನಟ್ಟುಗಳು. ಟ್ರಾಲಿ ಜ್ಯಾಕಿನ ಮೇಲೆ ಹಲಗೆ ಇಟ್ಟು ಹಿಂದಕ್ಕೆ ಎಳೆದು ಇಳಿಸುವುದು. ಎಂಜಿನ್ ತೂಕ ನೂರು ಕಿಲೋ ದಾಟುತ್ತದೆ, ಇಬ್ಬರಾದರೂ ಬೇಕು. ನನ್ನ ತಮ್ಮನೂ ಪಕ್ಕದ ಮನೆಯ ಹುಡುಗನೂ ಬಂದರು.

ಫ್ಯಾನ್ ಗೂಡು ಎತ್ತಿದಾಗ ಮೂವರೂ ಸುಮ್ಮನೆ ನೋಡಿದೆವು. ಕೂಲರಿನ ಬುಡದ ಸೀಲು ಹಳೆಯದಾಗಿ ಎಣ್ಣೆ ಜಿನುಗಿದೆ, ಅದರ ಮೇಲೆ ಧೂಳು ಕೂತಿದೆ, ಮತ್ತೆ ಎಣ್ಣೆ, ಮತ್ತೆ ಧೂಳು. ಕಂಬಳಿಯ ಹಾಗೆ ಗಟ್ಟಿಯಾದ ಒಂದು ಪದರ. ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಿದರೆ ಚಕ್ಕೆ ಚಕ್ಕೆಯಾಗಿ ಬಂತು. ಅದರ ಹಿಂದೆ, ಮೂರನೇ ಸಿಲಿಂಡರಿನ ರೆಕ್ಕೆಗಳ ನಡುವೆ, ಇಲಿಯ ಗೂಡು. ತೆಂಗಿನ ನಾರು, ಹತ್ತಿ, ಅಡಿಕೆ ಸಿಪ್ಪೆ, ಅರ್ಧ ಕಂದಿದ ನ್ಯೂಸ್‌ಪೇಪರ್ ಚೂರುಗಳು. ಒಂದು ಚೂರಿನಲ್ಲಿ "ವಧು ಬೇಕಾಗಿದೆ" ಅನ್ನುವುದು ಇನ್ನೂ ಓದುವಂತಿತ್ತು. ಕೂಲರ್ ಉಂಡು ಬಿಟ್ಟ ಗಾಳಿ ಅಂದೆನಲ್ಲ, ಅದೂ ಇವನಿಗೆ ಸಿಕ್ಕಿರಲಿಲ್ಲ. ಸಿಲಿಂಡರ್‌ಗಳ ಕೆಳಗೆ, ಗಾಳಿ ರೆಕ್ಕೆಗಳನ್ನು ಬಳಸಿಕೊಂಡು ಹೋಗುವ ಹಾಗೆ ತಡೆಯುವ ಒಂದು ಸಣ್ಣ ತಗಡು ಇರುತ್ತದೆ. ಎಂಜಿನ್ ಇಳಿಸದೆ ಕಾಣುವುದೇ ಇಲ್ಲ ಅದು. ಬಲಗಡೆ ಇತ್ತು, ಎಡಗಡೆ ಇರಲಿಲ್ಲ. ಹಿಂದೆ ಯಾವಾಗಲೋ ಎಂಜಿನ್ ಕಟ್ಟಿದವರು ಮರೆತಿರಬೇಕು. ಬಲಗಡೆಯದನ್ನು ಮಾದರಿ ಕೊಟ್ಟು ತಗಡು ಕೆಲಸದವರ ಹತ್ತಿರ ಇನ್ನೊಂದು ಮಾಡಿಸಿದೆ.

ಹೆಡ್ ತೆಗೆದು ಮೂರರ ಎಕ್ಸಾಸ್ಟ್ ವಾಲ್ವನ್ನು ನಾಲ್ಕರದ್ದರ ಪಕ್ಕ ಹಿಡಿದೆ. ಕಣ್ಣಿಗೇ ಕಾಣುತ್ತಿತ್ತು. ತಲೆಯ ಹತ್ತಿರ ಕುತ್ತಿಗೆ ಸಣ್ಣಗಾಗಿದೆ, ಬೆಲ್ಲದ ಪಾಕ ಎಳೆದಾಗ ನಡುವೆ ಸಣ್ಣಗಾಗುತ್ತಲ್ಲ, ಹಾಗೆ. ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಮೇಸ್ತ್ರಿಗಳಿಗೆ ತೋರಿಸಿದೆ. ಬೆರಳಲ್ಲಿ ಸವರಿ ನೋಡಿ, "ಪುಣ್ಯ ಮಾಡಿದ್ದೆ," ಅಂದರು ಅಷ್ಟೇ. ನಾಲ್ಕೂ ಎಕ್ಸಾಸ್ಟ್ ವಾಲ್ವ್ ಹೊಸದು ಹಾಕಿ ಗ್ರೈಂಡಿಂಗ್ ಮಾಡಿಸಿದೆ. ಕೂಲರ್, ಸಿಲಿಂಡರ್ ಎಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಕೂಲರ್ ಸೀಲು ಬದಲಿಸಿದೆ. ಹೆಡ್ ನಟ್ಟುಗಳಿಗೆ ಟಾರ್ಕ್ ರೆಂಚ್ ಬೇಕೇ ಬೇಕು. 23 ಫುಟ್-ಪೌಂಡ್ ಅಷ್ಟೇ. ಕೈ ಅಂದಾಜಿನಲ್ಲಿ ಬಲ ಹಾಕಿದರೆ ಮೆಗ್ನೀಸಿಯಂ ಕೇಸಿನಿಂದ ಸ್ಟಡ್ಡೇ ಕಿತ್ತು ಬರುತ್ತದೆ. ಗೂಡಿನ ಒಳಗಿನ ಥರ್ಮೋಸ್ಟ್ಯಾಟ್ ಫ್ಲಾಪುಗಳನ್ನು ನಮ್ಮೂರ ಬಿಸಿಲಿಗೆ ಬೇಡ ಅಂತ ಹಲವರು ಕಿತ್ತು ಬಿಸಾಡುತ್ತಾರೆ. ನಾನು ಇಟ್ಟುಕೊಂಡೆ. ಬೆಳಗಿನ ಚಳಿಯಲ್ಲಿ ಎಂಜಿನ್ ಬೇಗ ಹದಕ್ಕೆ ಬರುತ್ತದೆ, ಕಾದ ಮೇಲೆ ಹೇಗೂ ತೆರೆದುಕೊಳ್ಳುತ್ತವೆ.

ಇನ್ನೊಂದು ಮಾತು, ಪೆಟ್ರೋಲ್ ಬಗ್ಗೆ. ಈಗ ಬಂಕಿನಲ್ಲಿ ಸಿಗುವುದು ಇಪ್ಪತ್ತು ಪರ್ಸೆಂಟ್ ಎಥನಾಲ್ ಸೇರಿದ್ದು. ಬರೀ ಪೆಟ್ರೋಲ್ ಒಂದು ಪಾಲಿಗೆ ಗಾಳಿ 14.7 ಪಾಲು ಬೇಕು, ಇದಕ್ಕೆ ಸುಮಾರು ಹದಿಮೂರೂವರೆ ಸಾಕು. ಹೊಸ ಕಾರಿನ ಕಂಪ್ಯೂಟರ್ ಅದನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ನನ್ನ ಸೋಲೆಕ್ಸ್ ಕಾರ್ಬರೇಟರಿನ ಜೆಟ್ಟಿಗೆ ಇರುವುದು ಒಂದೇ ತೂತು. ಅದು ಹಳೇ ಲೆಕ್ಕದಲ್ಲೇ ಬಿಡುತ್ತದೆ, ಮಿಶ್ರಣ ತೆಳುವಾಗುತ್ತದೆ, ಇನ್ನಷ್ಟು ಹೀಟ್. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ಪ್ಲಗ್ ಬಣ್ಣ ನೋಡಿದೆ, ನಾಲ್ಕೂ ಕಾಫಿ ಬಣ್ಣಕ್ಕೆ ಬಂದವು. ಈ ಪೆಟ್ರೋಲ್ ಹಳೇ ರಬ್ಬರನ್ನು ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಬೀಟಲ್‌ನಲ್ಲಿ ಪೆಟ್ರೋಲ್ ಪೈಪು ಸೋರಿದರೆ ಡೆಲ್ಕೋ, ಡೈನಮೋ ಪಕ್ಕದಲ್ಲೇ ಸೋರುತ್ತದೆ. ಹೀಟ್ ಸಮಸ್ಯೆ ಇರಲಿ ಬಿಡಲಿ, ಪೈಪು ಬದಲಿಸಿಬಿಡಿ. ಆ ಮರದ ಕ್ಲಿಪ್ಪು ಮತ್ತೆ ಬಟ್ಟೆ ಹಗ್ಗಕ್ಕೆ ಹೋಯಿತು.

ಎಂಜಿನ್ ಕೂರಿಸಿ, ಹೊಸ ಬೀಡಿಂಗ್ ಹಾಕಿ, ಉಪ್ಪಿನಕಾಯಿ ಮುಚ್ಚಳದ ಬದಲು ಸರಿಯಾದ ಮುಚ್ಚಳ ಮಾಡಿಸಿ ಹಾಕಿದ ಮೇಲೆ ಮತ್ತೆ ಚಾಮುಂಡಿ ಬೆಟ್ಟ. ಅದೇ ದಾರಿ, ಅದೇ ಗೇರು. ಕಪ್ಪು ಚುಕ್ಕಿಗೆ ಹಿಡಿದರೆ 101. ನಂಬಿಕೆ ಬರದೆ ಮೂರು ಸಲ ಹಿಡಿದೆ. 101, 102, 101. ಆದರೆ ಬೇಸಿಗೆ ಹೋಗಿ ಮಳೆಗಾಲ ಬಂದಿತ್ತು, ಹೊರಗಿನ ಬಿಸಿಯೇ ಐದಾರು ಡಿಗ್ರಿ ಕಡಿಮೆ. ಪೂರ್ತಿ ಶ್ರೇಯ ನನಗೆ ಬೇಡ.

ಮಡಿಕೇರಿಗೆ ಅಕ್ಟೋಬರಿನಲ್ಲಿ ಹೋದೆವು. ಸುಂಟಿಕೊಪ್ಪ ಬಂದಾಗ ಇಬ್ಬರೂ ಮಾತು ನಿಲ್ಲಿಸಿದೆವು. ಏರಿನಲ್ಲಿ ಮೂರನೇ ಗೇರು ಬಿಟ್ಟು ಇಳಿಸಬೇಕಾಗಲಿಲ್ಲ. ಊರು ಸೇರಿ, ಹೋಟೆಲ್ ಮುಂದೆ ಸ್ಲೋ ಸ್ಪೀಡಿನಲ್ಲಿ ಬಿಟ್ಟು ದೀಪ ನೋಡುತ್ತಾ ಕೂತೆ. ಹಸಿರು ಹತ್ತಲಿಲ್ಲ.

ಹೋದ ಭಾನುವಾರ, ಹೊಸ ವಾಲ್ವ್ ಹಾಕಿ ಸಾವಿರದ ಇನ್ನೂರು ಕಿಲೋಮೀಟರ್ ಆದ ಮೇಲೆ, ಬೆಳಿಗ್ಗೆ ಕಾಫಿಗೂ ಮೊದಲು ಟ್ಯಾಪೆಟ್ ಕವರ್ ತೆಗೆದೆ. ಮೂರರ ಎಕ್ಸಾಸ್ಟ್‌ಗೆ 0.15ರ ಎಲೆ ತೂರಿಸಿದೆ. ಬೆಣ್ಣೆ ಮೇಲೆ ಚಾಕು ಎಳೆದ ಹಾಗೆ, ಚೂರೇ ಚೂರು ತಡೆದು, ಹೋಯಿತು.